ಅಣ್ಣನ ಸೆಟ್ಟಿಗೆ ಹಿಡಿದ ಮಂಕು

ಆ ಸೆಟ್ಟಿಗೆ ಬಿದ್ದದ್ದು ಎರಡು ಸಾವಿರದ ಆರುನೂರು ರೂಪಾಯಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದೇನು ಸಣ್ಣ ದುಡ್ಡಲ್ಲ, ಆದರೂ ಆ ಮಾಲಿಗೆ ಅಗ್ಗವೇ. ಅಷ್ಟಕ್ಕೆ ಯಾಕೆ ಸಿಕ್ಕಿತು ಅಂದರೆ, ಮೆಟ್ಟೂರಿನ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರಿಗೆ ದೂರದ ಊರಿಗೆ ವರ್ಗವಾಗಿತ್ತು, ಸಾಮಾನು ಒಯ್ಯುವ ಲಾರಿ ಮಾರನೆಯ ಬೆಳಿಗ್ಗೆ ಬರುವುದಿತ್ತು, ಸೆಟ್ಟು ಉಸಿರೆತ್ತುತ್ತಿರಲಿಲ್ಲ. ಇಂಥವೆಲ್ಲ ಕೂಡಿ ಬಂದಾಗಲೇ ವ್ಯಾಪಾರಕ್ಕೆ ಹೋಗಬೇಕು. ಬರೀ ಸೆಟ್ಟು ಕೆಟ್ಟಿದ್ದರೆ ಮಾರುವವನು ಗಟ್ಟಿಯಾಗಿ ಕೂತಿರುತ್ತಾನೆ. ಲಾರಿ ಬರುತ್ತಿದೆ ಅಂದರೆ ಮೆತ್ತಗಾಗುತ್ತಾನೆ.

ಜಪಾನಿನ ಮಾಲು. ಬೆಳ್ಳಿ ಬಣ್ಣದ ಮುಖ, ಅಡ್ಡಕ್ಕೆ ಉದ್ದನೆಯ ಗಾಜಿನ ಡಯಲ್ಲು, ಸುತ್ತ ಮರದ ಕವಚ. ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಒಡಲಿನಲ್ಲಿ. ಟೇಪ್ ಡೆಕ್ಕು, ರೆಕಾರ್ಡ್ ಪ್ಲೇಯರು ಸೇರಿಸಲು ಹಿಂದೆ ಸಾಲಾಗಿ ತೂತುಗಳು. ಪುಸ್ತಕದಲ್ಲಿ ಅದರ ಹೆಸರು ರಿಸೀವರ್ ಅಂತ. ನಮ್ಮ ಬೀದಿಯಲ್ಲಿ ಎಲ್ಲಕ್ಕೂ ಸೆಟ್ಟು ಎನ್ನುವುದೇ. ಜೊತೆಗೆ ಮೊಳಕಾಲೆತ್ತರದ ಎರಡು ಸ್ಪೀಕರ್ ಬಾಕ್ಸು.

ಎಂಜಿನಿಯರ ಹೆಂಡತಿ ಐದು ಸಾವಿರದಿಂದ ಶುರು ಮಾಡಿದರು. ಮಾತೆಲ್ಲ ತಮಿಳಿನಲ್ಲಿ. ನಾನು ದರವನ್ನೇ ಎತ್ತಲಿಲ್ಲ. ಮುಚ್ಚಳ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು, "ಅಯ್ಯೋ" ಅಂದೆ.

"ಏನಾಯ್ತಪ್ಪಾ?"

"ಏನಿಲ್ಲಮ್ಮ. ಲಾರಿಯಲ್ಲಿ ಇದಕ್ಕೆ ಜಾಗ ಇದೆಯಾ?"

"ಬೀರುಗೇ ಜಾಗ ಇಲ್ಲ."

"ಆ ಊರಲ್ಲಿ ರಿಪೇರಿ ಮಾಡೋರು ಇದ್ದಾರಾ?"

"ಅದು ಯಾರಿಗ್ಗೊತ್ತು?"

"ಹಾಗಾದ್ರೆ ಇಲ್ಲೇ ಯಾರಿಗಾದ್ರೂ ಕೊಟ್ಟು ಹೋಗಿ. ನನಗೇ ಕೊಡಿ ಅಂತ ನಾನು ಹೇಳ್ತಿಲ್ಲ."

ಈ ಕೊನೆಯ ಮಾತು ಬಹಳ ಕೆಲಸ ಮಾಡುತ್ತದೆ. ಅದನ್ನು ಹೇಳಿ ಚಪ್ಪಲಿ ಮೆಟ್ಟಬೇಕು, ಆದರೆ ಗೇಟು ದಾಟಬಾರದು. ಆಯಮ್ಮ ಗೇಟಿನವರೆಗೂ ಬಂದರು. ಕಾಫಿ ಕೊಟ್ಟು ಸೆಟ್ಟನ್ನೂ ಕೊಟ್ಟರು. ಬಸ್ಸಿನವನು ಲಗೇಜು ಎಂದು ಎರಡು ಟಿಕೆಟ್ ಕೇಳಿದ. ಬಾಕ್ಸುಗಳನ್ನು ಮೇಲಕ್ಕೆ ಹಾಕಿಸಿ, ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಓಮಲೂರು ಮೇಲೆ ಸೇಲಂವರೆಗೆ ತೊಡೆ ಜೋಮು ಹಿಡಿಸಿಕೊಂಡು ಬಂದೆ.

ದುಡ್ಡು ಅಣ್ಣನದು. ಪಟ್ಟರೆಯ ಸಾಹುಕಾರ ಕೊಟ್ಟ ದೀಪಾವಳಿ ಬೋನಸ್ಸು ಮತ್ತು ಅಣ್ಣ ಬೇರೆ ಎಲ್ಲೋ ಕೂಡಿಟ್ಟಿದ್ದದ್ದು. ಪಟ್ಟರೆ ಅಂದರೆ ನಮ್ಮ ಕಡೆ ಪವರ್‌ಲೂಮ್ ಶೆಡ್ಡು. ನಮ್ಮದು ಸೇಲಂ ಪಟ್ಟಣದಲ್ಲಿ ಕೈಮಗ್ಗದ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯ್ದವರು. ನಮ್ಮ ಕಾಲಕ್ಕೆ ಕರೆಂಟು ಮಗ್ಗ ಬಂತು, ಅಪ್ಪನ ಮಗ್ಗದ ಮರ ಒಲೆಗೆ ಹೋಯಿತು. ಮೀಸೆ ಮೂಡುವ ಮೊದಲೇ ಅಣ್ಣನೂ ನಾನೂ ಪಟ್ಟರೆಗೆ ಸೇರಿದೆವು. ತಗಡಿನ ಸೂರಿನ ಕೆಳಗೆ ಇಪ್ಪತ್ತು ಮೂವತ್ತು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಲಾಳಿ ಈ ಕಡೆಯಿಂದ ಆ ಕಡೆಗೆ ಗುದ್ದುತ್ತಲೇ ಇರುತ್ತದೆ. ಅಲ್ಲಿ ಬಾಯಿಂದ ಮಾತಿಲ್ಲ. ಎರಡು ಬೆರಳು ತೋರಿಸಿದರೆ ಟೀ, ಮುಷ್ಟಿ ತಿರುಗಿಸಿದರೆ ನೂಲು ಮುಗಿಯಿತು, ಕೆನ್ನೆ ಮುಟ್ಟಿಕೊಂಡರೆ ಸಾಹುಕಾರ ಬಂದ. ಎದುರಿನವನ ತುಟಿ ನೋಡಿಯೇ ಬೈಗುಳ ತಿಳಿಯುತ್ತಿತ್ತು. ನನಗೆ ಕೆಲಸ ಒಗ್ಗಲಿಲ್ಲ. ಎಂಟೊಂಬತ್ತು ವರ್ಷ ಇದ್ದು, ರೇಡಿಯೋ ರಿಪೇರಿ ಪುಸ್ತಕ ಓದಿ, ಸುಟ್ಟ ಸೆಟ್ಟುಗಳನ್ನು ಕಿಲೋ ಲೆಕ್ಕದಲ್ಲಿ ತಂದು ಬಿಚ್ಚಿ ಜೋಡಿಸಿ ಕಲಿತು, ಬೀದಿಯ ಬಾಯಿಗೆ ಅಂಗಡಿ ಹಾಕಿದೆ. ಅಣ್ಣ ಅಲ್ಲೇ ಉಳಿದ.

ಅಣ್ಣ ಹಾಡುವವನು. ಬೀದಿಯ ಗುಡಿಯಲ್ಲಿ ಶನಿವಾರದ ಭಜನೆಗೆ ಅವನದೇ ಮೊದಲ ದನಿ. ಅವನು ತಾಳ ಹಿಡಿದರೆ ಅದುವರೆಗೂ ಎಲೆಯಡಿಕೆ ಹಾಕಿಕೊಂಡು ಹರಟುತ್ತಿದ್ದವರು ಉಗಿದು ಬಂದು ಕೂರುತ್ತಿದ್ದರು. ಅಂಥವನು ಒಂದು ವರ್ಷದಿಂದ ತಾಳವನ್ನು ಬೈಯಲು ಶುರು ಮಾಡಿದ್ದ.

"ಇತ್ತಾಳೆ ಮೊದ್ಲಂಗಿಲ್ಲ ಕಣ್ಲಾ. ಏನೋ ಬೆರ್ಸ್ತಾವ್ರೆ. ಟಣ್ ಅನ್ನಾದ್ನೆ ಮರ್ತೋಗೈತೆ, ಟಪ್ ಅಂತೈತೆ."

ಹೊಸ ಜೋಡಿ ತರಿಸಿದ. ಅದೂ ಟಪ್ ಎಂದಿತು. ಆಮೇಲೆ ಹಾರ್ಮೋನಿಯಂ ಬೈದ. ಆಮೇಲೆ ಜೊತೆಯಲ್ಲಿ ಹಾಡುವವರನ್ನು ಬೈದ, ಎಲ್ಲರೂ ಬಾಯೊಳಗೆ ಕಡುಬು ಇಟ್ಟುಕೊಂಡು ಹಾಡುತ್ತಾರೆ ಅಂತ. ಕೊನೆಗೆ ಒಂದು ದಿನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಯಾವತ್ತೂ ಇಲ್ಲದಷ್ಟು ಮೆತ್ತಗೆ ಹೇಳಿದ:

"ಲೇ, ಹಾಡು ಕೇಳಿದ್ರೆ ಮೊದ್ಲು ಮೈ ಜುಂ ಅನ್ತಿತ್ತು. ಈಗ ಏನೂ ಆಗಾಕಿಲ್ಲ. ಒಂದು ಒಳ್ಳೆ ಫಾರಿನ್ ಸೆಟ್ ನೋಡು. ಅದ್ರಾಗೂ ಆಗ್ದಿದ್ರೆ ಭಜ್ನೆ ಬಿಟ್ಬುಡ್ತೀನಿ. ಸುಮ್ಮಾ ಬಾಯ್ ಬಡ್ಕೊಳ್ಳಾಕೆ ನಾನೇನು ಏಲಂ ಕೂಗೋನಾ?"

ಸೆಟ್ಟು ತಂದದ್ದು ಅದಕ್ಕೆ.

ಮೊದಲು ಸೀರೀಸ್ ಬಲ್ಬಿಗೆ ಹಾಕಿದೆ. ಹಳೆಯ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚುವವನು ಮೂರ್ಖ. ನೂರು ವ್ಯಾಟಿನ ಬಲ್ಬನ್ನು ನಡುವೆ ಕೂರಿಸಿ ಕರೆಂಟು ಕೊಟ್ಟರೆ, ಒಳಗೆ ಎಲ್ಲೋ ಸುಟ್ಟು ಶಾರ್ಟ್ ಆಗಿದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಧಗ್ಗನೆ ಉರಿಯಿತು. ಎಡಗಡೆಯ ಔಟ್‌ಪುಟ್ ಟ್ರಾನ್ಸಿಸ್ಟರು ಎರಡೂ ಹೋಗಿದ್ದವು. ಅದಕ್ಕೇ ಕಾವಲಿಗೆಂದು ಇಟ್ಟಿರುವ ರಿಲೇ ಸ್ಪೀಕರಿಗೆ ದಾರಿ ಬಿಡದೆ ಹಟ ಹಿಡಿದಿತ್ತು. ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯಲ್ಲಿ ಅದೇ ನಂಬರಿನ ಜೋಡಿ ತಂದೆ. ಡೂಪ್ಲಿಕೇಟು, ಒಂದೇ ಗಂಟೆಯಲ್ಲಿ ಹೊಗೆ. ಎರಡನೆಯ ಸಲ ಹೋದಾಗ ಅಂಗಡಿಯವನ ಮುಂದೆ ಹಳೆಯದನ್ನೂ ಹೊಸದನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡು ತೂಗಿದೆ. ಅವನು ನಕ್ಕು ಒಳಗಿನಿಂದ ಬೇರೆ ಡಬ್ಬಿ ತೆಗೆದ. ನಕಲಿ ಹಗುರ ಇರುತ್ತದೆ.

ಉಬ್ಬಿಕೊಂಡಿದ್ದ ದೊಡ್ಡ ಕೆಪಾಸಿಟರು ಎರಡನ್ನೂ ಬದಲಿಸಿದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಅದಕ್ಕೆ ಕ್ಲೀನರ್ ಹಾಕಿ ನೂರು ಸಲ ಹಿಂದೆ ಮುಂದೆ ತಿರುಗಿಸಿದೆ. ಮತ್ತೆ ಕರೆಂಟು ಕೊಟ್ಟೆ. ಬಲ್ಬು ಮಿನುಗಿ ಮಂಕಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ರಿಲೇ ಟಕ್ ಎಂದಿತು. ಈ ಕಸುಬು ಮಾಡುವವನಿಗೆ ಆ ಟಕ್‌ಗಿಂತ ಮೇಲಿನ ಸದ್ದಿಲ್ಲ.

ಅಣ್ಣನ ಮನೆಯ ನಡುಮನೆಯಲ್ಲಿ ಸೆಟ್ಟು ಕೂತಿತು. ಪಟ್ಟರೆ ಬಿಟ್ಟ ಮೇಲೆ ಬೀದಿಯ ಗಂಡಸರೆಲ್ಲ ಬಂದರು. ಅತ್ತಿಗೆ ಆರತಿ ಎತ್ತಿ, ಸೆಟ್ಟಿನ ಹಣೆಗೆ ಕುಂಕುಮ ಇಟ್ಟು, ಒಳಗೆ ಹೋದರು. ಅಣ್ಣನ ಹಳೆಯ ಟೇಪ್ ಡೆಕ್ಕನ್ನು ಸೇರಿಸಿ ನಾಗಸ್ವರದ ಕ್ಯಾಸೆಟ್ಟು ಹಾಕಿದೆ. ಅಣ್ಣ ಕಣ್ಣು ಮುಚ್ಚಿಕೊಂಡ. ಒಂದು ಪಕ್ಕ ಮುಗಿಯುವವರೆಗೂ ಯಾರೂ ಕೆಮ್ಮಲಿಲ್ಲ.

"ಎಂಗೈತೆ ಅಣ್ಣ?"

"ಚೆನ್ನಾಗೈತೆ." ಕಣ್ಣು ಬಿಟ್ಟ. "ಆದ್ರೆ..."

"ಆದ್ರೆ ಏನು?"

"ಕಂಬ್ಳಿ ಒದ್ಕೊಂಡು ಊದ್ದಂಗೈತಲ್ಲಲಾ."

ನಾನೂ ಕೇಳಿದೆ. ಅವನು ಹೇಳಿದ್ದು ನಿಜವಾಗಿತ್ತು. ಡೋಲು ಗಟ್ಟಿಯಾಗಿ ಬರುತ್ತಿತ್ತು, ನಾಗಸ್ವರ ಗೋಡೆಯಾಚೆ ಇತ್ತು. ಕೂತಿದ್ದವರೂ ತಲೆ ಹಾಕಿದರು. ಅಣ್ಣನ ಪಕ್ಕದ ಮಗ್ಗ ಓಡಿಸುವ, ಬಾಯಿ ಜೋರಿನ ಒಬ್ಬ ದಾಯಾದಿ ಇದ್ದ. ಅವನು, "ಜಪಾನಿನಾಗೆ ಚಳಿ ಅಲ್ವಾ, ಅದ್ಕೆ ಕಂಬ್ಳಿ ಒದ್ದು ಬಂದೈತೆ. ಸ್ವಲ್ಪ ದಿನ ಸೇಲಂ ಬಿಸ್ಲಾಗಿಡು, ತಾನೇ ತೆಗೀತೈತೆ" ಅಂದ. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.

ಟ್ರೆಬಲ್ಲು ಪೂರ್ತಿ ತಿರುಗಿಸಿದೆ. ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ಅಷ್ಟೇ. ಮೇಲಿನ ಸದ್ದು ಕೊಡುವುದು ಟ್ವೀಟರು. ಬಾಕ್ಸಿನ ಟ್ವೀಟರು ಹೋಗಿರಬೇಕೆಂದು ಬದಲಿಸಿದೆ. ಹೋಗಲಿಲ್ಲ ಮಂಕು. ಟ್ವೀಟರಿಗೆ ದಾರಿ ಬಿಡುವ ಸಣ್ಣ ಕೆಪಾಸಿಟರು ಬದಲಿಸಿದೆ. ಡೆಕ್ಕಿನ ಹೆಡ್ಡು ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡಿದೆ. ನನ್ನ ಅಂಗಡಿಯ ಡೆಕ್ಕು ತಂದು ಹಾಕಿದೆ, ಕ್ಯಾಸೆಟ್ಟು ಬದಲಿಸಿದೆ, ಬಾಕ್ಸು ಬದಲಿಸಿದೆ, ವೈರು ಬದಲಿಸಿದೆ. ದೋಷ ಹುಡುಕುವ ಕ್ರಮ ಇಷ್ಟೇ: ಸರಪಳಿಯಲ್ಲಿ ಒಂದೊಂದೇ ಕೊಂಡಿಯನ್ನು ಬದಲಿಸುತ್ತಾ ಹೋಗು. ಯಾವುದನ್ನು ಬದಲಿಸಿದಾಗ ದೋಷ ಹೋಗುತ್ತದೋ ಅದೇ ಕಳ್ಳ. ಎಲ್ಲ ಕೊಂಡಿಗಳನ್ನೂ ಬದಲಿಸಿದೆ. ಕಳ್ಳ ಸಿಗಲಿಲ್ಲ. ಮೀಟರು ಹಿಡಿದರೆ ಎಲ್ಲ ಕಡೆ ವೋಲ್ಟೇಜು ಸರಿ.

ಇದು ಅಣ್ಣನ ಸೆಟ್ಟೊಂದರ ಕಥೆ ಅಲ್ಲ ಅನ್ನುವುದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಯಾವ ಸೆಟ್ಟು ತಂದರೂ ಮಂಕು ಎಂಬ ದೂರು ತಪ್ಪುತ್ತಿರಲಿಲ್ಲ. ಅದಕ್ಕೆ ನಾವೇ ಒಂದು ಮದ್ದು ಮಾಡಿಕೊಂಡಿದ್ದೆವು. ಬಾಕ್ಸಿನ ನೆತ್ತಿಯ ಮೇಲೆ ಪ್ಲಾಸ್ಟಿಕ್ಕಿನ ಟ್ವೀಟರು ಕೊಂಬಿನ ಹಾಗೆ ಕೂರಿಸುವುದು. ಕೆಲವರು ಎರಡು, ಕೆಲವರು ನಾಲ್ಕು. ಬೇರೆ ಬೀದಿಯವರು ಬಂದರೆ, ಇದೇನಯ್ಯಾ ಬಾಕ್ಸಿಗೆ ಕೋಡು ಬಂದಿದೆ ಅಂತ ನಗುತ್ತಿದ್ದರು. ಮೆಟ್ಟೂರಿನ ಆಫೀಸರುಗಳ ಸೆಟ್ಟು ರಿಪೇರಿ ಮಾಡಿ ಕೊಟ್ಟರೆ ಅವರು ಕಿವಿ ಹಿಂಡಿಕೊಂಡು, ಯಾಕೆ ಇಷ್ಟು ಚೂಪು ಮಾಡಿದೆ, ತಗ್ಗಿಸು ಎನ್ನುವರು. ದೊಡ್ಡವರಿಗೆ ಸಂಗೀತ ತಿಳಿಯದು ಎಂದುಕೊಂಡು ತಗ್ಗಿಸಿ ಕೊಡುತ್ತಿದ್ದೆ. ಮಂಕಿಗೆ ಕಾರಣ ಹತ್ತಿಯ ಧೂಳು ಎಂದು ನನ್ನ ತೀರ್ಮಾನ. ಪಟ್ಟರೆಯ ಧೂಳು ಬೀದಿಯೆಲ್ಲ ಹಾರುತ್ತದೆ, ಸೆಟ್ಟಿನೊಳಗೆ ಕೂರುತ್ತದೆ. ಎಲ್ಲರೂ ಒಪ್ಪಿದ್ದರು. ಒಪ್ಪಿದವರೆಲ್ಲ ಯಾರು ಅಂದರೆ, ಪಟ್ಟರೆಯವರೇ.

ಅಣ್ಣನ ಸೆಟ್ಟಿಗೂ ಕೊಂಬು ಬಂತು. ಒಂದು ಕಡೆಗೆ ಎರಡು, ಆಮೇಲೆ ಮೂರು. ಅವನು ದಿನಾ ಪಟ್ಟರೆ ಬಿಟ್ಟು ಅಂಗಡಿಯ ಮುಂದೆ ನಿಲ್ಲುವನು.

"ಇವತ್ತೇನ್ ಕಿತ್ತೆ?"

"ಇವತ್ತು ಟೋನ್ ಬೋರ್ಡಿಂದು ಕೆಪಾಸಿಟರ್ ಬದ್ಲಾಯಿಸ್ದೆ ಅಣ್ಣ."

"ನಾಳೆ?"

"ನಾಳೆ ನೋಡಾನ."

"ಮೆಟ್ಟೂರ್ನಮ್ಮ ಕಾಫಿ ಕೊಟ್ಟು ನಿನ್ ತಲೆಗೆ ಎಣ್ಣೆ ತಿಕ್ಕವ್ಳೆ. ಊರ್ಗೆಲ್ಲ ಟೋಪಿ ಆಕೋನು ಒಡಹುಟ್ದೋನ್ಗೆ ಮಾಲ್ ತಂದಾಗ ತಾನೇ ಟೋಪಿ ಆಕ್ಕೊಂಡು ಬಂದವ್ನೆ."

ಆ ಮಾತಿಗಿಂತ ನನಗೆ ಚುಚ್ಚಿದ್ದು ಬೇರೆ. ಎರಡು ಶನಿವಾರ ಅವನು ಭಜನೆಗೆ ಹೋಗಲಿಲ್ಲ. ಕೇಳಿದ್ದಕ್ಕೆ, "ಸೆಟ್ ಸರಿ ಆಗ್ಲಿ, ನಿಜ್ವಾದ ಸದ್ದು ಎಂಗಿರ್ತೈತೆ ಅಂತ ಒಂದ್ಸಲ ಕಿವಿಗೆ ಆಕ್ಕೊಂಡು ಆಮೇಲೆ ಓಗ್ತೀನಿ" ಅಂದ. ತಾಳವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದ್ದ.

ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಅವನ ಮನೆಗೆ ಹೋದೆ. ಅವನು ಪಟ್ಟರೆಯಲ್ಲಿದ್ದ. ಅತ್ತಿಗೆ ನಡುಮನೆಯಲ್ಲಿ ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ನಮ್ಮ ಬೀದಿಯ ಹೆಂಗಸರ ಕೆಲಸವೇ ಅದು. ಲಾಳಿಗೆ ಬೇಕಾದ ನೂಲನ್ನು ಮನೆಯಲ್ಲೇ ಸುತ್ತಿ ಕಳಿಸುವುದು, ಪಟ್ಟರೆಯೊಳಗೆ ಅವರು ಕಾಲಿಡುವುದಿಲ್ಲ. ಸೆಟ್ಟು ಸಣ್ಣಗೆ ಹಾಡುತ್ತಿತ್ತು. ನನ್ನನ್ನು ನೋಡಿ ಅತ್ತಿಗೆ ಗಡಬಡಿಸಿ ಎದ್ದು ಸೆಟ್ಟಿನ ಕಡೆ ಕೈ ಚಾಚಿದರು. ನಾನು ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಟ್ರೆಬಲ್ಲು ಸೊನ್ನೆಯಲ್ಲಿತ್ತು. ನೆತ್ತಿಯ ಮೇಲಿನ ಕೊಂಬುಗಳ ವೈರು ಕಳಚಿ ಪಕ್ಕಕ್ಕೆ ಇಟ್ಟಿತ್ತು.

"ಇದ್ಯಾಕೆ ಅತ್ಗಮ್ಮ ಇಂಗ್ ಇಟ್ಟಿದ್ದೀರಿ?"

"ಬೈಬ್ಯಾಡಪ್ಪ. ನಿಮ್ಮಣ್ಣ ಬರೋಕ್ ಮುಂಚೆ ಮೊದ್ಲಂಗೆ ಇಟ್ಟುಡ್ತೀನಿ."

"ಬೈತಾ ಇಲ್ಲ. ಯಾಕೆ ಅಂತ ಕೇಳ್ದೆ."

ಅವರು ನೂಲಿನ ತುದಿ ಹುಡುಕುವವರ ಹಾಗೆ ತಲೆ ತಗ್ಗಿಸಿದರು. "ಕಿವಿಗೆ ಸೂಜಿ ಆಕ್ದಂಗ್ ಆಯ್ತೈತೆ. ನೀವು ಗಂಡಸ್ರು ಸೆಟ್ ಆಕಿದ್ರೆ ನಾವ್ ಯಾರೂ ಈ ಕಡೆ ಬರಾಕಿಲ್ಲ, ಇತ್ಲ ಬಾಗ್ಲಿಗೆ ಓಗಿ ಕುತ್ಕೊಂತೀವಿ. ಬೀದೀಲಿ ಎಲ್ಲಾರ್ ಮನೇಲೂ ಅಂಗೇ."

"ಒಂದಿನಾನೂ ಏಳ್ಲಿಲ್ವಲ್ಲ ನೀವು?"

"ನೀವು ಯಾವತ್ತು ಕೇಳಿದ್ರಿ? ನಿಮ್ಗೆಲ್ಲ ಅಂಗಿದ್ರೇನೆ ಇಷ್ಟ ಅಂದ್ಕೊಂಡ್ವಿ. ಕಾರ ಜಾಸ್ತಿ ತಿನ್ನೋರು ಇರಾಕಿಲ್ವಾ, ಅಂಗೆ."

ಕೊಂಬುಗಳಿಗೆ ಮತ್ತೆ ವೈರು ಸೇರಿಸಿ, ಟ್ರೆಬಲ್ಲು ಪೂರ್ತಿ ತಿರುಗಿಸಿದೆ. ಅತ್ತಿಗೆ ಹಲ್ಲು ಕಚ್ಚಿ ಭುಜ ಕಿವಿಯವರೆಗೆ ಎತ್ತಿದರು. ನನಗೆ ಕಂಬಳಿ ಸ್ವಲ್ಪ ಸರಿದಂತಾಯಿತು, ಅಷ್ಟೇ. ಕ್ಯಾಸೆಟ್ಟು ತೆಗೆದೆ. ಸೆಟ್ಟಿನಿಂದ ಏನೂ ಬರುತ್ತಿರಲಿಲ್ಲ. ನನ್ನ ರಿಪೇರಿಯ ಮೇಲೆ ನನಗಿದ್ದ ಹೆಮ್ಮೆ ಅದು. ನನ್ನ ಕೈಯಿಂದ ಹೋದ ಸೆಟ್ಟು ಖಾಲಿ ಇದ್ದಾಗ ಮಗ್ಗವಿಲ್ಲದ ಗುಂಡಿಯ ಹಾಗೆ ನಿಶ್ಶಬ್ದ.

"ಈಗ ಏನಾದ್ರೂ ಕೇಳ್ತೈತಾ ಅತ್ಗಮ್ಮ?"

"ಕೇಳ್ದೆ ಏನು? ಉಸ್ಸ್ ಅಂತೈತಲ್ಲ. ಯಾವತ್ತೂ ಅಂತೈತೆ. ಕಾದ ಬಾಣ್ಲೆಗೆ ನೀರ್ ಚಿಮ್ಕಿಸಿದಂಗೆ."

ನಾನು ಬಾಕ್ಸಿಗೆ ಕಿವಿ ಒತ್ತಿದೆ. ಮರ ತಣ್ಣಗಿತ್ತು. ಎಡಗಿವಿ ಒತ್ತಿದೆ, ಬಲಗಿವಿ ಒತ್ತಿದೆ. ಅದೇ ಗುಂಡಿಯ ನಿಶ್ಶಬ್ದ.

ಸಂಜೆ ಅಣ್ಣ ಬಂದಾಗ ಹೇಳಲೇಬೇಕಾಯಿತು. ಸುತ್ತಿ ಬಳಸಿ ಹೇಳಿದರೆ ಅವನಿಗೆ ಆಗದು. ನೇರವಾಗಿ ಹೇಳಿದೆ: ಸೆಟ್ಟಿನಲ್ಲಿ ದೋಷ ಇಲ್ಲ, ನಮ್ಮಿಬ್ಬರ ಕಿವಿಯಲ್ಲಿದೆ.

ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಕೆಟ್ಟ ಮಾಲ್ ತಂದು, ರಿಪೇರಿ ಬರ್ದೆ, ಈಗ ನನ್ ಕಿವಿ ಮೇಲ್ ಆಕ್ತೀಯಾ? ಮಗ್ಗದಾಗೆ ಒಂದು ನೂಲು ಕಿತ್ರೂ ಸದ್ದಲ್ಲೇ ಏಳ್ತೀನಿ ನಾನು! ನಿಂದೇ ಕಿವುಡು ಕಣ್ಲಾ, ನಿಂದೇ!"

"ನಂದೂ ಹೌದು ಅಣ್ಣ."

"ಸಾಬೀತ್ ಮಾಡು."

ನನಗೆ ಗೊತ್ತಿದ್ದ ಸಾಬೀತು ಒಂದೇ. ಅತ್ತಿಗೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಕ್ಯಾಸೆಟ್ಟು ಇಲ್ಲದೆ ವಾಲ್ಯೂಮ್ ತಿರುಗಿಸುವುದು ಅಣ್ಣನ ಕೆಲಸ. ಸದ್ದು ಬಂದಾಗ ಅವರು ಕೈ ಎತ್ತಬೇಕು, ಹೋದಾಗ ಇಳಿಸಬೇಕು. ಅಣ್ಣ ತನಗೇನೂ ಕೇಳಿಸದ ಆ ಸೆಟ್ಟಿನ ಬಿರಡೆಯನ್ನು ಏರಿಸಿದ. ಕೈ ಎದ್ದಿತು. ಇಳಿಸಿದ. ಕೈ ಇಳಿಯಿತು. ಮೋಸ ಇರಬೇಕೆಂದು ಏರಿಸುವ ಹಾಗೆ ಮಾಡಿ ಸುಮ್ಮನಾದ, ಕೈ ಏಳಲಿಲ್ಲ. ಬಹಳ ಹೊತ್ತು ಬಿಟ್ಟು, ಸದ್ದಿಲ್ಲದೆ, ಒಂದು ಚೂರೇ ಚೂರು ತಿರುಗಿಸಿದ. ಕೈ ಎದ್ದಿತು. ಬಳೆಗಳು ಮೊಣಕೈ ಕಡೆ ಜಾರಿದವು. ಅವುಗಳ ಸದ್ದಾದರೂ ಅವನಿಗೆ ಕೇಳಿತೋ ಇಲ್ಲವೋ, ನನಗಂತೂ ಕೇಳಲಿಲ್ಲ.

ಅವನು ಬಿರಡೆಯಿಂದ ಕೈ ತೆಗೆದು, "ಸಾಕು, ಕೈ ಇಳ್ಸು. ನೋಯ್ತೈತೆ" ಅಂದ.

ಮುಂದಿನ ವಾರ ಸೇಲಂನ ಒಬ್ಬ ಕಿವಿ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಗಾಜಿನ ಕಿಟಕಿ ಇದ್ದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದರು. ಅಣ್ಣ ಪ್ರತಿಸಲವೂ ಎತ್ತಿದ. ಒಂದೂ ತಪ್ಪಲಿಲ್ಲ. ನನ್ನ ಎದೆ ಹಗುರಾಯಿತು. ಆಚೆ ಮೆಷಿನ್ನಿನ ಮುಂದೆ ಕೂತಿದ್ದ ನರ್ಸಮ್ಮ ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು, ಅಣ್ಣನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿದರು. ಅವನು ಅವರ ಮಣಿಕಟ್ಟು ನೋಡುತ್ತಿದ್ದ. ಪಟ್ಟರೆಯವರು ನಾವು, ಕೈ ಅಲುಗಿದರೆ ಸಾಕು ನಮಗೆ ತಿಳಿಯುತ್ತದೆ. ಮೋಸ ಮಾಡಬೇಕೆಂದು ಮಾಡಿದ್ದಲ್ಲ ಅದು. ಅವನಿಗೆ ಕೇಳುವುದು ಅಂದರೆ ಹಾಗೇ ಆಗಿಹೋಗಿತ್ತು. ಕುರ್ಚಿ ತಿರುಗಿದ ಮೇಲೆ ಅವನ ಕೈ ತೊಡೆಯ ಮೇಲೆ ಬಿದ್ದೇ ಇತ್ತು.

ಡಾಕ್ಟರು ಎರಡು ಕಾಗದ ತೋರಿಸಿದರು. ಗೆರೆ ಸ್ವಲ್ಪ ದೂರ ಸಮನಾಗಿ ಬಂದು ಬೆಟ್ಟದಿಂದ ಬಿದ್ದ ಹಾಗೆ ಕೆಳಗೆ ಹೋಗಿತ್ತು. ನನ್ನದೂ ಹಾಗೇ, ಬಿದ್ದ ಎತ್ತರ ಕಡಿಮೆ.

"ಒಳಗಿನ ನರ ಸತ್ತಿದೆ. ಮೇಲಿನ ಸ್ವರ ಮೊದಲು ಹೋಗುತ್ತೆ. ಮಾತು ಇನ್ನೂ ಸ್ವಲ್ಪ ವರ್ಷ ಕೇಳುತ್ತೆ."

"ಮಾತ್ರೆ ಸಾರ್?"

"ಇಲ್ಲ."

"ಆಪರೇಷನ್?"

"ಇದಕ್ಕಿಲ್ಲ."

ಬದುಕಿನಲ್ಲಿ ನಾನು ಚೌಕಾಸಿ ಮಾಡದೆ ಎದ್ದು ಬಂದದ್ದಿಲ್ಲ. "ಪೂರ್ತಿ ಬೇಡ ಸಾರ್, ಅರ್ಧ? ಒಂದೇ ಕಿವಿ ಆದರೂ?" ಅಂದೆ. ಡಾಕ್ಟರು ನನ್ನನ್ನೇ ನೋಡಿ, "ನನ್ನ ಹತ್ತಿರ ಇಟ್ಟುಕೊಂಡು ಕೊಡೋಲ್ಲ ಅಂತಿದ್ದೀನಾ?" ಅಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ಚಪ್ಪಲಿ ಮೆಟ್ಟಿ ಗೇಟಿನವರೆಗೆ ನಡೆದೆ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಇರುವುದನ್ನಾದರೂ ಉಳಿಸಿಕೊಳ್ಳಲು ಪಟ್ಟರೆ ಬಿಡಬೇಕೆಂದು ಡಾಕ್ಟರು ಹೇಳಿದ್ದರು. "ಬಿಟ್ಟು?" ಅಂತ ಅಣ್ಣ ದಾರಿಯಲ್ಲಿ ನನ್ನನ್ನು ಕೇಳಿದ. ಕಿವಿಗೆ ಹತ್ತಿ ಇಟ್ಟುಕೋ ಅಂದೆ. ಹತ್ತಿಗೇನು, ಕಾಲ ಕೆಳಗೇ ಬಿದ್ದಿರುತ್ತದೆ. ಎರಡು ದಿನ ಇಟ್ಟುಕೊಂಡ. ಮೂರನೆಯ ದಿನ ನೂಲು ಕಿತ್ತದ್ದು ಕೇಳದೆ ಬಟ್ಟೆಯಲ್ಲಿ ಓಟೆ, ಅಂದರೆ ತೂತು, ಬಿತ್ತು, ಸಾಹುಕಾರ ಬೈದ, ಹತ್ತಿ ಕಿತ್ತು ಎಸೆದ. "ಕಿವಿ ಮುಚ್ಕೊಂಡ್ರೆ ಮಗ್ಗ ಏನ್ ಏಳ್ತೈತೆ ಅಂತ ಎಂಗ್ ತಿಳ್ಯಾದು? ನನ್ಗೆ ಈಗ ಕೇಳೋದು ಅದೊಂದೇ."

ಬೀದಿಯವರಿಗೂ ಹೇಳಿದೆ. ಗುಡಿಯ ಜಗಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆ, ನಿಮ್ಮ ಮನೆ ಹೆಂಗಸರನ್ನು ಒಂದು ಮಾತು ಕೇಳಿ ಅಂತ. ಜಪಾನಿನ ಕಂಬಳಿಯ ದಾಯಾದಿ, "ಟ್ವೀಟರ್ ಮಾರಿ ಮಾರಿ ಇವನ್ಗೆ ಸಾಕಾಗೈತೆ, ಇನ್ನು ಕಿವಿ ಮಾರಾಕ್ ಒಂಟವ್ನೆ" ಅಂದ. ನಕ್ಕರು. ಸೋಮವಾರ ಬೆಳಿಗ್ಗೆ ಎಲ್ಲರೂ ಪಟ್ಟರೆಗೆ ಹೋದರು.

ಅಣ್ಣ ಅತ್ತಿಗೆಗೆ, "ನಿನ್ಗೆ ಎಂಗ್ ಬೇಕೋ ಅಂಗ್ ಇಟ್ಕೊಂಡು ಕೇಳು" ಅಂದ. ಅವರು ಕೊಂಬುಗಳನ್ನು ತೆಗೆಸಿ, ಟ್ರೆಬಲ್ಲನ್ನು ನಡುವಿನಲ್ಲಿ ಇಟ್ಟರು. ಆ ಸ್ಥಿತಿಯಲ್ಲಿ ಸೆಟ್ಟು ಹೇಗೆ ಹಾಡುತ್ತಿತ್ತೋ ನನಗೆ ಗೊತ್ತಿಲ್ಲ. ಬಹಳ ಚೆನ್ನಾಗಿರಬೇಕು, ಅದರಲ್ಲಿ ಕೆಟ್ಟದ್ದೆಂಬುದು ಒಂದೂ ಉಳಿದಿರಲಿಲ್ಲ. ಅಣ್ಣ ಅದರ ಎದುರು ಕೂರುವನು, ಅತ್ತಿಗೆಯ ಮುಖವನ್ನೇ ನೋಡುವನು, ಸ್ವಲ್ಪ ಹೊತ್ತಿಗೆ ಎದ್ದು ಜಗಲಿಗೆ ಹೋಗುವನು. ಅವನು ಜಗಲಿಯಲ್ಲಿ ಕೂತಿರುವಾಗ ಒಳಗೆ ತಾವೊಬ್ಬರೇ ಕೇಳಲು ಅತ್ತಿಗೆಗೆ ಮನಸ್ಸಾಗಲಿಲ್ಲ. ಮೊದಲು ಸಂಜೆ ಹಾಕುವುದು ನಿಂತಿತು, ಆಮೇಲೆ ಮಧ್ಯಾಹ್ನವೂ. ಅದರ ಮೇಲೆ ಕ್ರೋಷಾ ಬಟ್ಟೆ ಬಂತು, ಬಟ್ಟೆಯ ಮೇಲೆ ಕಂಡಿಕೆಯ ಬುಟ್ಟಿ ಬಂತು. ಭಜನೆಗೆ ಬೇರೆ ಯಾರೋ ಮೊದಲ ದನಿ ಕೊಡುತ್ತಾರೆ. ಅಣ್ಣನನ್ನು ಕರೆದರು, ಎರಡು ಮೂರು ಸಲ. ಅವನು ಹೋಗಲಿಲ್ಲ.

ನಾನು ಅಂಗಡಿಯಲ್ಲಿ ಫ್ಯಾನು, ಮಿಕ್ಸಿ, ಎಮರ್ಜೆನ್ಸಿ ಲೈಟು ಹಿಡಿದೆ. ತಿರುಗಿದರೆ ಆಯಿತು, ಉರಿದರೆ ಆಯಿತು. ಸೆಟ್ಟು ತಂದವರಿಗೆ ಈಗ ಮಾಡುವುದಿಲ್ಲ ಎನ್ನುತ್ತೇನೆ. ಹಳೆ ಗಿರಾಕಿ ಬಹಳ ಕಾಡಿದರೆ ಮಾಡಿ ಕೊಟ್ಟು, ಸದ್ದು ಹೇಗಿದೆ ಎಂದು ನೀವೇ ನೋಡಿಕೊಳ್ಳಿ ಎನ್ನುತ್ತೇನೆ.

ಇಷ್ಟು ಓದಿದ ಮೇಲೂ ನೀವು ಹಳೆಯ ಸೆಟ್ಟು ಕೊಳ್ಳುವವರಾದರೆ ಹೇಳುತ್ತೇನೆ ಕೇಳಿ. ಎತ್ತಿ ನೋಡಿ, ಭಾರ ಇದ್ದರೆ ಮಾತ್ರ ಮಾತಿಗೆ ಕೂರಿ. ಹಿಂದೆ ನೂರಹತ್ತು ವೋಲ್ಟಿನ ಗುರುತಿದ್ದರೆ ಅದನ್ನು ಬದಲಿಸುವ ಸ್ವಿಚ್ಚಿದೆಯೇ ನೋಡದೆ ಕರೆಂಟು ಕೊಡಬೇಡಿ. ವಾಲ್ಯೂಮಿಗೆ ಮಗ್ಗದ ಎಣ್ಣೆ, ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ಧೂಳನ್ನು ಅಂಟಿನ ಹಾಗೆ ಹಿಡಿಯುತ್ತದೆ. ಒಂದು ಕಡೆ ಸದ್ದು ಹೋದರೆ ಎಡ ಬಲದ ವೈರು ಅದಲು ಬದಲು ಮಾಡಿ; ಮೌನ ಇನ್ನೊಂದು ಕಡೆಗೆ ಹೋದರೆ ದೋಷ ಸೆಟ್ಟಿನದು, ಇದ್ದಲ್ಲೇ ಇದ್ದರೆ ಬಾಕ್ಸಿನದು. ಮಂಕು ಎಂದು ಅನ್ನಿಸಿದರೆ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ, ನಿಮ್ಮ ಜೊತೆ ದುಡಿಯದ ಒಬ್ಬರನ್ನು ಕರೆದು ಕೂರಿಸಿ, ಹೇಗಿದೆ ಎಂದು ಕೇಳಿ. ಅಡುಗೆಮನೆಯಲ್ಲಿರುವವರನ್ನೇ ಕೇಳಿ. ಅವರು ಕಿವಿ ಮುಚ್ಚಿಕೊಂಡರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಪಟ್ಟರೆಗೆ ಹೊಸದಾಗಿ ಸೇರುವವರು ನಿಮ್ಮ ಮನೆಯಲ್ಲಿದ್ದರೆ ಮೊದಲ ದಿನವೇ ಕಿವಿಗೆ ಹತ್ತಿ ಇಡಿಸಿ, ಓಟೆ ಬಿದ್ದರೆ ಬೀಳಲಿ. ಅವರು ಕಿತ್ತು ಹಾಕುತ್ತಾರೆ, ನನಗೆ ಗೊತ್ತು. ಆದರೂ ಇಡಿಸಿ.